ಕಣ್ಣಿನ ಮಡಿ

ಬಾಗಿಲ ಬೀಗ ತೆಗೆದದ್ದೇ ತಡ, ಇಡೀ ಮನೆ ಒಂದೇ ನೋಟಕ್ಕೆ ಮುಗಿದುಹೋಯಿತು. ಎದುರಿಗೊಂದು ಕೋಣೆ, ಅದರ ತುದಿಗೆ ಅಡುಗೆ ಕಟ್ಟೆ, ಪಕ್ಕದಲ್ಲಿ ಬಚ್ಚಲು. ಕಿಟಕಿಯಾಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಇನ್ನೊಂದು ಬಿಲ್ಡಿಂಗಿನ ಕಿಟಕಿ. ಆ ಕಿಟಕಿಯಲ್ಲಿ ಬನಿಯನ್ ತೊಟ್ಟ ಗಂಡಸರೊಬ್ಬರು ಹಲ್ಲುಜ್ಜುತ್ತ ನಮ್ಮನ್ನು ನೋಡಿ, ಬಹಳ ದಿನದ ಪರಿಚಯದವರಂತೆ ತಲೆಯಾಡಿಸಿದರು. ಕೈಯಲ್ಲಿದ್ದ ಚೀಲ ಕೆಳಗಿಡುವುದನ್ನೂ ಮರೆತು ನಿಂತುಬಿಟ್ಟೆ. ಹಿಂದೆ ಬಂದ ನನ್ನ ಅತ್ತೆ ಕತ್ತು ಚಾಚಿ ಒಳಗೆಲ್ಲ ನೋಡಿ, "ಚೊಲೋ ಅದ. ಉಳದ ಮನಿ ಎಲ್ಲದ?" ಎಂದು ಕೇಳಿದರು.

ಉಳಿದ ಮನೆ ಧಾರವಾಡದಲ್ಲಿತ್ತು. ಅಲ್ಲಿ ನಡುಮನೆ, ಪಡಸಾಲೆ, ದೇವರ ಕೋಣೆ, ಹಿತ್ತಲು ಎಲ್ಲಕ್ಕೂ ಬೇರೆ ಬೇರೆ ಬಾಗಿಲು. ನನ್ನ ಗಂಡನಿಗೆ ಮುಂಬೈಯ ಫೋರ್ಟಿನ ಒಂದು ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದ್ದರಿಂದ ನಾವು ಕಾಂಜೂರಮಾರ್ಗಕ್ಕೆ ಬಂದೆವು. ಭಾವನವರು, "ಅವ್ವ ಇಲ್ಲೇ ಇರಲಿ" ಎಂದಿದ್ದರು. ಅತ್ತೆ ಕೇಳಲಿಲ್ಲ. ಮೊಮ್ಮಗ ಪ್ರಣವನನ್ನು ಬಿಟ್ಟು ಒಂದು ವಾರ ಇರುವುದೂ ಅವರಿಂದ ಆಗದ ಮಾತು. ಬಂದರು ಸರಿ, ಜೊತೆಗೆ ತಮ್ಮ ಮಡಿಯನ್ನೂ ತಂದರು.

ಮಡಿ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟು, ಪೂಜೆ ಮುಗಿಯುವವರೆಗೆ ಯಾರನ್ನೂ ಸೋಕದೆ ಇರುವುದು ಮಡಿ. ಯಾರಾದರೂ ಸೋಕಿದರೆ ಮೈಲಿಗೆ. ಮತ್ತೆ ಸ್ನಾನ, ಮತ್ತೆ ಬೇರೆ ಸೀರೆ. ಈ ಮಡಿಯ ಹೆಸರಿನಲ್ಲಿ ನಮ್ಮವರು ಯಾರ್ಯಾರನ್ನು ಹೊಸ್ತಿಲಾಚೆ ನಿಲ್ಲಿಸಿದರು ಎಂಬುದು ನನಗೆ ಗೊತ್ತು. ಅದಕ್ಕಾಗಿ ಅತ್ತೆಯ ಜೊತೆ ಜಗಳವನ್ನೂ ಆಡಿದ್ದೇನೆ. ಆದರೆ ಆ ಒಂದು ಕೋಣೆಯ ಮನೆಯಲ್ಲಿ ಅವರ ಮಡಿ ಒಂದು ತಮಾಷೆಯ ಆಟವಾಗಿಬಿಟ್ಟಿತು. ಅವರು ಅಡುಗೆ ಕಟ್ಟೆಯಿಂದ ದೇವರ ಗೂಡಿಗೆ ಹೊರಟರೆ ನಾನೂ ನನ್ನ ಗಂಡನೂ ಗೋಡೆಗೆ ಹಲ್ಲಿಯ ಹಾಗೆ ಅಂಟಿಕೊಳ್ಳುತ್ತಿದ್ದೆವು. ಪ್ರಣವ ಮಾತ್ರ ಬೆರಳು ಮುಂದೆ ಚಾಚಿ, "ಅಜ್ಜೀ, ಟಚ್ ಮಾಡ್ಲಿ?" ಎಂದು ಹೆದರಿಸುತ್ತಿದ್ದ. "ಮುಟ್ಟಿ ನೋಡು, ನಿನ್ನ ಕಿವಿ ನನ್ನ ಕೈಯಾಗ ಇರ್ತಾವ" ಎಂದು ಅವರು ನಗುತ್ತಲೇ ದಾಟಿ ಹೋಗುತ್ತಿದ್ದರು.

ಹೊಸ ಊರು ಅತ್ತೆಯನ್ನು ಸೋಲಿಸುತ್ತದೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಇಲ್ಲಿಯ ಮನೆಗಳಲ್ಲಿ ಬಟ್ಟೆ ಒಣಹಾಕಲು ಸೂರಿಗೇ ಕೋಲುಗಳನ್ನು ತೂಗುಹಾಕಿ, ಹಗ್ಗ ಎಳೆದು ಮೇಲೆ ಕೆಳಗೆ ಮಾಡುವ ವ್ಯವಸ್ಥೆ ಇರುತ್ತದೆ. ತಮ್ಮ ಸೀರೆ ಯಾರ ತಲೆಗೂ ಎಟುಕದ ಎತ್ತರಕ್ಕೆ ಸರ್ರನೆ ಏರಿದ್ದನ್ನು ಕಂಡು ಅತ್ತೆಗೆ ಆದ ಸಂತೋಷ ಹೇಳತೀರದು. "ಈ ಊರಾಗ ತಿಳದವರು ಇದ್ದಾರ" ಎಂದು ಸರ್ಟಿಫಿಕೇಟು ಕೊಟ್ಟರು. ಹೂವು ಮಾರುವವನು ಬೆಳಿಗ್ಗೆ ಎಲೆಯಲ್ಲಿ ಕಟ್ಟಿದ ಹೂವಿನ ಪೊಟ್ಟಣವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗುತ್ತಾನೆ. ಅದಕ್ಕೆ ಇಲ್ಲಿ ಪುಡಿ ಎನ್ನುತ್ತಾರೆ. ಸ್ನಾನ ಮಾಡಿದ ಪ್ರಣವ ಅದನ್ನು ತಂದು, ಮುಟ್ಟದ ಹಾಗೆ ಮೇಲಿನಿಂದ ಅಜ್ಜಿಯ ತಟ್ಟೆಗೆ ಹಾಕಬೇಕು. ಅದು ಅವನ ಕೆಲಸ, ಅವನ ಹೆಮ್ಮೆ.

ಸೋತವಳು ನಾನು. ಜೋಳದ ಹಿಟ್ಟು ಬೀಸಿಸಿಕೊಂಡು ಬಂದರೆ ಅರ್ಧ ಗೋದಿ ಬೆರೆತಿರುತ್ತಿತ್ತು. ರೊಟ್ಟಿ ಬಡಿದರೆ ಒಮ್ಮೊಮ್ಮೆ ಚಪಾತಿಯಂತಾಗುತ್ತಿತ್ತು. ನನ್ನ ಹಿಂದಿ ಕೇಳಿ ತರಕಾರಿಯವಳು ಮರಾಠಿಯಲ್ಲಿ ನಗುತ್ತಿದ್ದಳು. ಧಾರವಾಡದಲ್ಲಿ ಸಂಜೆ ಕಟ್ಟೆಗೆ ಕೂತರೆ ಓಣಿಯ ಅರ್ಧ ಜನ ಮಾತಾಡಿಸಿ ಹೋಗುತ್ತಿದ್ದರು. ಇಲ್ಲಿ ಎಲ್ಲರೂ ಓಡುತ್ತಿದ್ದರು. ಮೊದಲ ಮಳೆಗಾಲದಲ್ಲಿ ಬಚ್ಚಲ ನಲ್ಲಿ ಬಿಟ್ಟುಕೊಂಡು ಅತ್ತದ್ದೂ ಉಂಟು. ಒಂದೇ ಕೋಣೆಯಲ್ಲಿ ಅಳುವುದಕ್ಕೆ ಬೇರೆ ಜಾಗವೆಲ್ಲಿ? ಬಿಲ್ಡಿಂಗಿನವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯ ಮರಾಠಿ ಹೆಂಗಸು ಒಂದು ದಿನ ಬಾಗಿಲು ಬಡಿದು, ಏನೂ ಕೇಳದೆ, ಬಿಸಿ ಥಾಲಿಪೀಠದ ತಟ್ಟೆ ಕೈಗಿಟ್ಟು ಹೋದರು. ನಲ್ಲಿಯ ಸದ್ದಿನೊಳಗಿನ ಸದ್ದು ಅವರಿಗೂ ಕೇಳಿಸಿತ್ತು. ಅಲ್ಲಿಂದ ಅವರು ನನ್ನ ಗೆಳತಿ.

ಪ್ರಣವ ಮಾತ್ರ ನೀರಿಗೆ ಬಿಟ್ಟ ಮೀನು. ಶಾಲೆಯಲ್ಲಿ ಇಂಗ್ಲಿಷು, ಬಿಲ್ಡಿಂಗಿನ ಗೆಳೆಯರ ಜೊತೆ ಹಿಂದಿ, ಕಾಕುವಿನ ಜೊತೆ ಮರಾಠಿ. ಕನ್ನಡ ಅಜ್ಜಿಯ ಜೊತೆ ಮಾತ್ರ, ಅದೂ ಕುಂಟುತ್ತ. ಅವನಿಗೆ ಹನ್ನೊಂದು ತುಂಬುವ ಹೊತ್ತಿಗೆ ಅವನ ಗೆಳೆಯರಲ್ಲಿ ಹಲವರ ಕೈಗೆ ಫೋನು ಬಂದಿತ್ತು. ಸಂಜೆ ಮಹಡಿಯ ಮೇಲೆ ಕ್ರಿಕೆಟ್ ಬಿಟ್ಟು ಒಂದೇ ಫೋನಿನ ಸುತ್ತ ಐದಾರು ತಲೆಗಳು ಕೂಡಿದ್ದನ್ನು ನೋಡಿದಾಗೆಲ್ಲ ಏನಾದರೂ ನೆಪ ಹೇಳಿ ಅವನನ್ನು ಕೆಳಗೆ ಕರೆಯುತ್ತಿದ್ದೆ. ಆ ಸಣ್ಣ ಗಾಜಿನಲ್ಲಿ ಏನೆಲ್ಲ ಬರುತ್ತದೆ ಎಂದು ನನಗೂ ಗೊತ್ತು. ಗಂಡನಿಗೆ ಹೇಳಿದೆ, "ಒಂದ್ಸಲ ಅವನ್ನ ಕೂಡಿಸ್ಕೊಂಡು ಹೇಳ್ರಿ. ಹೊಲಸು ಚಿತ್ರಾ ಅಂದ್ರ ಏನು, ಯಾಕ ನೋಡಬಾರದು ಅಂತ."

"ನಾ ಹ್ಯಾಂಗ ಹೇಳ್ಲಿ? ನನಗ ಯಾರು ಹೇಳಿದ್ರು?" ಎಂದರು ಅವರು. ಅದು ನಿಜ. ನಮ್ಮ ಮನೆಗಳಲ್ಲಿ ಮೈಯ ವಿಷಯ ಯಾರಿಗೂ ಯಾರೂ ಹೇಳಲಿಲ್ಲ. ಆ ಮಾತಿಗೆ ನಮ್ಮ ಬಳಿ ಇಂಗ್ಲಿಷಿನ ಪಾಠದ ಶಬ್ದಗಳಿದ್ದವು, ಬೀದಿಯ ಬೈಗುಳಗಳಿದ್ದವು. ಮಗನ ಎದುರು ಕೂತು ಆಡುವ ಮಾತು ಮಾತ್ರ ಇರಲಿಲ್ಲ.

ಕೋಣೆ ಒಂದೇ ಆದ್ದರಿಂದ ನಮ್ಮ ಗುಟ್ಟು ಅತ್ತೆಗೆ ಕೇಳಿಸದೆ ಇರುವುದು ಹೇಗೆ? ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದವರು ತಲೆಯೆತ್ತದೆ, "ನಾ ಹೇಳ್ತೀನಿ ಬಿಡ್ರಿ" ಎಂದರು. ಅಂದು ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗನನ್ನು ಹತ್ತಿರ ಕರೆದು ಹೇಳಿದರು: "ನೋಡೋ ಪಣ್ಯಾ, ಮೈಗೆ ಮಡಿ ಇದ್ದಂಗ ಕಣ್ಣಿಗೂ ಮಡಿ ಅದ. ಹೊಲಸು ನೋಡಿದ್ರ ಕಣ್ಣು ಮೈಲಿಗಿ ಆಗ್ತಾವ. ನೋಡಬಾರದು. ತಿಳೀತಿಲ್ಲೋ?"

"ತಿಳೀತು ಅಜ್ಜಿ" ಎಂದ ಅವನು. ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡೆವು. ಎಷ್ಟು ಸುಲಭ! ಪುಸ್ತಕ ಓದಿದ ನಮಗೆ ವರ್ಷಗಟ್ಟಲೆ ಸಿಗದ ಮಾತನ್ನು ಮುದುಕಿ ಒಂದು ಉಸಿರಿಗೆ ಮುಗಿಸಿದ್ದರು. ನಮ್ಮ ಭಾರ ಇಳಿಯಿತು ಎಂದು ಆ ರಾತ್ರಿ ಹಾಯಾಗಿ ಉಂಡೆವು.

ಮಳೆ ಹಿಡಿದ ಮೇಲೆ ಪ್ರಣವನ ಕಣ್ಣು ಕೆಂಪಾದವು. ಮುಂಬೈಯಲ್ಲಿ ಮಳೆಗಾಲಕ್ಕೆ ಕಣ್ಣು ಬರುವುದು ಹೊಸತಲ್ಲ. ಡಾಕ್ಟರು ನೋಡಿ ಔಷಧಿ ಬರೆದುಕೊಟ್ಟರು, ಟವೆಲ್ ಬೇರೆ ಇಡಿ ಎಂದರು. ನಾನು ಹನಿ ಹಾಕಿ ಹಾಕಿ ಸುಸ್ತಾದೆ. ಕೆಂಪು ಇಳಿಯಲೇ ಇಲ್ಲ. ಅದರ ಜೊತೆಗೆ ಹುಡುಗ ಅಜ್ಜಿಯಿಂದ ದೂರ ಸರಿಯತೊಡಗಿದ. ಬೆಳಿಗ್ಗೆ ಹೂವಿನ ಪುಡಿ ಬಾಗಿಲಲ್ಲೇ ತೂಗುತ್ತಿತ್ತು. "ಸ್ಕೂಲ್ ಬಸ್ ಆಯೇಗಾ" ಎಂದು ಅವನು ಅದರ ಪಕ್ಕದಲ್ಲೇ ನುಸುಳಿ ಓಡುತ್ತಿದ್ದ. ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಲಗುವವನು ಹಾಸಿಗೆಯನ್ನು ಅಡುಗೆ ಕಟ್ಟೆಯ ಕೆಳಗೆ ಎಳೆದುಕೊಂಡ. ಬೆರಳು ಚಾಚಿ ಹೆದರಿಸುವ ಆಟ ನಿಂತಿತು. ಅವರು ಬಂದರೆ ಈಗ ಅವನೇ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಕಣ್ಣಿನ ಸೋಂಕು ಅಜ್ಜಿಗೆ ತಾಕದಿರಲಿ ಎಂದು ಹಾಗೆ ಮಾಡುತ್ತಾನೆ ಅಂತ ನಾನು ಒಳಗೊಳಗೇ ಬೀಗಿದ್ದೂ ಉಂಟು.

ಅತ್ತೆ ಬೇರೆಯೇ ಅರ್ಥ ಮಾಡಿಕೊಂಡರು. ಕೆಲವು ದಿನಗಳ ಹಿಂದೆ ಅವನ ಗೆಳೆಯರು ಮನೆಗೆ ಬಂದಿದ್ದಾಗ ಅವರು, "ದೂರ ನಿಲ್ರೋ, ಮಡೀಲೆ ಇದ್ದೀನಿ" ಎಂದು ಗದರಿದ್ದರು. ಹುಡುಗರು ನಕ್ಕಿದ್ದರು. ಅದೇ ಮೊಮ್ಮಗನ ಮನಸ್ಸಿಗೆ ಚುಚ್ಚಿದೆ, ಗೆಳೆಯರ ಎದುರು ತನ್ನಿಂದ ಅವಮಾನವಾಗಿದೆ ಎಂದು ತೀರ್ಮಾನಿಸಿಬಿಟ್ಟರು. ಒಂದು ಬೆಳಿಗ್ಗೆ ನಾನು ಎದ್ದು ನೋಡಿದರೆ ಸೂರಿನ ಕೋಲು ಬರಿದಾಗಿತ್ತು. ಅತ್ತೆ ಎಲ್ಲರಂತೆ ಮಡಚಿಟ್ಟ ಸೀರೆ ಉಟ್ಟು ಪೂಜೆಗೆ ಕೂತಿದ್ದರು. ಹುಟ್ಟಿದ ಮೇಲೆ ಎಂದೂ ಅಂಥದ್ದನ್ನು ಕಂಡಿರದ ನನ್ನ ಗಂಡ, "ಅವ್ವಾ, ಆರಾಮಿಲ್ಲೇನ?" ಎಂದು ಹಣೆ ಮುಟ್ಟಿ ನೋಡಿದರು. ಮುಟ್ಟಿಸಿಕೊಂಡರು ಸಹ!

"ಸಾಕಾತಪಾ ಈ ಮಡಿ. ಕೂಸು ನನ್ನ ಹತ್ರ ಬರವಲ್ತು. ಅದಕಿಂತಾ ದೊಡ್ಡ ದೇವರು ಯಾವದ?" ಎಂದರು. ಆಮೇಲೆ ಎದ್ದು ಹೋಗಿ, ಹಲ್ಲುಜ್ಜುತ್ತಿದ್ದ ಪ್ರಣವನನ್ನು ಹಿಂದಿನಿಂದ ಬಾಚಿ ತಬ್ಬಿಕೊಂಡರು. ಹುಡುಗ ಕರೆಂಟು ಹೊಡೆದವನ ಹಾಗೆ ಕಿರುಚಿ ಬಿಡಿಸಿಕೊಂಡು ಬಾಗಿಲಾಚೆ ಓಡಿದ. ಅವರು ಹತ್ತಿರ ಹೋದಷ್ಟೂ ಅವನು ದೂರ ಓಡುತ್ತಿದ್ದ. ಎರಡು ದಿನ ಇದೇ ಓಟ ನಡೆಯಿತು. ಮೂರನೆಯ ದಿನ ಅತ್ತೆ ತಮ್ಮ ಟ್ರಂಕು ತೆಗೆದು, "ಧಾರವಾಡದ ಗಾಡಿಗೆ ಟಿಕೆಟ್ ತಗಸು" ಎಂದು ಮಗನಿಗೆ ಹೇಳಿದರು.

ಅಂದು ಮಧ್ಯಾಹ್ನವೇ ಕಾಕು ಬಂದರು. ಯಾವಾಗಲೂ ಬಾಗಿಲು ತೆರೆದಿಟ್ಟು ಮಾತಾಡುವವರು ಬಾಗಿಲು ಮುಂದೆ ತಳ್ಳಿ, ನನ್ನ ಕೈ ಹಿಡಿದು ಕೂರಿಸಿ, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ವಿಷಯ ಹೇಳಿದರು. ಕೆಲವು ವಾರಗಳ ಹಿಂದೆ ಮಹಡಿಯ ಮೇಲೆ ದೊಡ್ಡ ಹುಡುಗನೊಬ್ಬ ತನ್ನ ಫೋನಿನಲ್ಲಿ ಹೊಲಸು ವಿಡಿಯೊ ತೋರಿಸಿದ್ದಾನೆ. ಕಾಕುವಿನ ಮಗನೂ ಅಲ್ಲಿದ್ದ, ನಮ್ಮವನೂ ಇದ್ದ. ಅವರ ಮಗ ಇವತ್ತು ಅಳುತ್ತ ಬಾಯಿ ಬಿಟ್ಟಿದ್ದಾನೆ. "ಮಾರೂ ನಕೋ ಹಾ ತ್ಯಾಲಾ" ಎಂದರು ಕಾಕು. ಹೊಡೆಯಬೇಡ ಅವನಿಗೆ ಎಂದು.

ಗಂಡನಿಗೆ ಫೋನ್ ಮಾಡಿದೆ. "ಮೊದಲ ಅವನ ಫೋನ್ ಕಸ್ಕೊ" ಎಂದು ಕೂಗಾಡಿದರು. ಕಸಿದುಕೊಳ್ಳಲು ನಮ್ಮ ಹುಡುಗನ ಬಳಿ ಫೋನೇ ಇರಲಿಲ್ಲ. ಅದೇ ನಮ್ಮ ಧೈರ್ಯವಾಗಿತ್ತಲ್ಲವೇ, ಫೋನ್ ಕೊಟ್ಟಿಲ್ಲ ಎಂಬುದು! ಬಾಗಿಲು ಹಾಕಿಟ್ಟ ಮಾತ್ರಕ್ಕೆ ಗಾಳಿ ನಿಂತೀತೇ?

ಶಾಲೆಯಿಂದ ಬಂದವನನ್ನು ಕೂರಿಸಿಕೊಂಡೆ. ಅತ್ತೆ ಟ್ರಂಕಿನ ಪಕ್ಕ ಸೀರೆ ಮಡಚುತ್ತಿದ್ದರು. ಇಂಗ್ಲಿಷಿನಲ್ಲಿ ಏನೇನೋ ಪಾಠ ಶುರು ಮಾಡಿದೆ, ನನ್ನ ನಾಲಿಗೆಗೇ ಅದು ಸಪ್ಪೆ ಎನಿಸಿ ಅರ್ಧಕ್ಕೆ ನಿಲ್ಲಿಸಿ, "ಮಹಡಿ ಮ್ಯಾಲೆ ಏನೋ ತೋರಿಸಿದ್ರಂತ?" ಎಂದಷ್ಟೇ ಕೇಳಿದೆ. ಹುಡುಗ ಅಜ್ಜಿಯ ಕಡೆ ನೋಡಿದ. ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಅಮ್ಮ, ಅಜ್ಜೀಗೆ ಬತಾನಾ ಮತ್, ಹೇಳಬೇಡ. ಅವರು ಅಚಾನಕ್ ತೋರಿಸಿದ್ರು. ನಾನು ಆಂಖ್ ಬಂದ್ ಮಾಡಿದೆ, ಲೇಕಿನ್ ಥೋಡಾ ನೋಡಿಬಿಟ್ಟೆ. ಆಮೇಲೆ ದಿನಾ ತೊಳೀತೀನಿ. ಸಾಬೂನ್ ಹಾಕಿ. ಹೋಗ್ತಾನೇ ಇಲ್ಲ."

"ಏನು ತೊಳೀತಿ?"

"ಕಣ್ಣು."

ಡಾಕ್ಟರಿಗೆ ಗೊತ್ತಾಗದ, ನನಗೆ ಗೊತ್ತಾಗದ ಆ ಕೆಂಪಿನ ಕಾರಣ ಅದು. ಅಜ್ಜಿ ಹೇಳಿದ ಮಾತನ್ನು ನಮ್ಮ ಕೂಸು ಅಕ್ಷರ ಬಿಡದೆ ನಂಬಿತ್ತು. ಕಣ್ಣು ಮೈಲಿಗೆಯಾಗಿವೆ, ಮೈಲಿಗೆಯಾದವರು ದೇವರ ಹೂವು ಮುಟ್ಟಬಾರದು, ಅಜ್ಜಿಯನ್ನು ಮುಟ್ಟಬಾರದು. ಹೀಗೆ ತನಗೆ ತಾನೇ ಶಿಕ್ಷೆ ವಿಧಿಸಿಕೊಂಡು ಅಷ್ಟು ದಿನ ಅಡುಗೆ ಕಟ್ಟೆಯ ಕೆಳಗೆ ಒಬ್ಬನೇ ಮಲಗಿದ್ದ. ಅವನನ್ನು ಎದೆಗೆ ಒತ್ತಿಕೊಂಡು ಅತ್ತುಬಿಟ್ಟೆ. ಈ ಸಲ ನಲ್ಲಿ ಬಿಡಲಿಲ್ಲ.

ಪಿಸುಮಾತು ಎಷ್ಟು ಸಣ್ಣದಾದರೂ ಆ ಕೋಣೆ ಅದಕ್ಕಿಂತ ಸಣ್ಣದು. ಅತ್ತೆ ಮಡಚುತ್ತಿದ್ದ ಸೀರೆ ಬಿಟ್ಟು ಎದ್ದು ಬಂದು ನಮ್ಮ ಎದುರು ನೆಲಕ್ಕೆ ಕೂತರು. ಪ್ರಣವ ನನ್ನ ಬೆನ್ನ ಹಿಂದೆ ಅಡಗಿದ.

"ಪಣ್ಯಾ, ಇತ್ಲಾಗ ನೋಡು. ನನಗ ಮೈಲಿಗಿ ಆಗೂದಿಲ್ಲೇನು? ದಿನಾ ಆಗ್ತದ. ನಿಮ್ಮಪ್ಪ ಮುಟ್ಟತಾನ, ಕಾಗಿ ಮುಟ್ಟತದ, ಮ್ಯಾಲಿನ ಮನಿಯವರ ಬಟ್ಟಿ ನೀರು ಸಿಡೀತದ. ಹಂಗಂತ ನಾ ಕೆಟ್ಟಾಕಿ ಆದ್ನೇನು?"

"ಇಲ್ಲ" ಎಂದಿತು ಬೆನ್ನ ಹಿಂದಿನ ದನಿ.

"ಮತ್ತ ಏನ ಮಾಡ್ತೀನಿ?"

"ಸ್ನಾನ."

"ಹೌದಿಲ್ಲೋ! ಮೈಲಿಗಿ ಅನ್ನೂದು ಬರತದ, ಹೋಗ್ತದ. ಅದು ಆಗೂದs ಇಲ್ಲಾ ಅಂದಿದ್ರ ಮಡಿ ಯಾಕ ಬೇಕಾಗಿತ್ತು? ಕಣ್ಣಿಗೆ ಸಬಕಾರ ಹಾಕ್ತಾರೇನೋ ಹುಚ್ಚಪ್ಪಾ! ಬಾಯಿ ಬಿಟ್ಟು ಹೇಳಿದಿ ಅಲ್ಲಾ, ಆತು. ಕಣ್ಣಿಗೆ ಅದs ಸ್ನಾನ. ನಂದs ತಪ್ಪು. ಮೈಲಿಗಿ ಆಗ್ತದ ಅಂತ ಹೇಳಿದೆ, ಆದಮ್ಯಾಲೆ ಏನ ಮಾಡಬೇಕು ಅಂತ ಹೇಳಲೇ ಇಲ್ಲ."

ಹುಡುಗ ಹೊರಗೆ ಬಂದ. ಬಂದವನು ಅಜ್ಜಿಯ ತೊಡೆಯ ಮೇಲೆ ಮುಖ ಇಟ್ಟು ಮಲಗಿದ. ಅವರು ಅವನ ತಲೆ ನೇವರಿಸುತ್ತ, "ಟಿಕೆಟ್ ಬ್ಯಾಡಾ ಅಂತ ನಿನ್ನ ಗಂಡಗ ಹೇಳು" ಎಂದರು.

ಉಳಿದದ್ದು ನಮ್ಮ ಕೆಲಸವಾಗಿತ್ತು. ಒಂದು ಮಾತಿಗೆ ಮುಗಿಯುವ ಪಾಠವಲ್ಲ ಎಂದು ಈಗ ನಮಗೂ ತಿಳಿದಿತ್ತು. ಭಾನುವಾರ ಪ್ರಣವನನ್ನು ಕರೆದುಕೊಂಡು ನಾವಿಬ್ಬರೂ ಪವಾಯಿ ಕೆರೆಯ ದಂಡೆಗೆ ಹೋದೆವು. ನನ್ನ ಗಂಡ ಕಡಲೆ ಸಿಪ್ಪೆ ಬಿಡಿಸುತ್ತ, ಕೆರೆಯ ಕಡೆ ನೋಡುತ್ತ, ತಡವರಿಸುತ್ತಲೇ ಹೇಳಿದರು. ಮೈ ಹೊಲಸಲ್ಲ, ನಿನ್ನದೂ ಅಲ್ಲ, ಯಾರದೂ ಅಲ್ಲ. ದೊಡ್ಡವರಾದ ಮೇಲೆ ಇಬ್ಬರು ಪ್ರೀತಿಯಿಂದ ಹತ್ತಿರವಾಗುವುದು ಒಳ್ಳೆಯದೇ. ಆದರೆ ಆ ವಿಡಿಯೊಗಳಲ್ಲಿ ಮನುಷ್ಯರನ್ನು ಮನುಷ್ಯರಂತೆ ತೋರಿಸುವುದಿಲ್ಲ, ಅಂಗಡಿಯ ಸಾಮಾನಿನಂತೆ ತೋರಿಸುತ್ತಾರೆ. ಅದನ್ನೇ ನೋಡುತ್ತ ಹೋದರೆ ನಮ್ಮ ಕಣ್ಣೂ ಹಾಗೇ ನೋಡಲು ಕಲಿಯುತ್ತದೆ. ಯಾರಾದರೂ ತೋರಿಸಿದರೆ ಎದ್ದು ಬಾ. ಬಂದು ಹೇಳು. ಹೇಳಿದರೆ ಬೈಯುವುದಿಲ್ಲ. ಪ್ರಣವ ಕೇಳಿದ: "ಮಾರೋಗೆ ಭೀ ನಹೀ?" "ಇಲ್ಲ, ಹೊಡಿಯೂದೂ ಇಲ್ಲ" ಎಂದರು ಅವನ ಅಪ್ಪ. ಅವನು ನಂಬಿದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಮಕ್ಕಳು ಹೂಂ ಅನ್ನುವುದೇನು ದೊಡ್ಡದಲ್ಲ. ಇನ್ನೊಂದು ಸಲ ಅಂಥದ್ದು ಎದುರಾದಾಗ ಅವನು ನಮ್ಮ ಬಳಿ ಬರುತ್ತಾನೋ ಅಥವಾ ಮತ್ತೆ ಒಬ್ಬನೇ ಸಾಬೂನು ಹಿಡಿಯುತ್ತಾನೋ ಎಂಬ ಅಂಜಿಕೆ ನನ್ನನ್ನು ಬಿಟ್ಟಿರಲಿಲ್ಲ.

ದೀಪಾವಳಿಗೆ ಧಾರವಾಡಕ್ಕೆ ಹೋದೆವು. ಗಾಡಿ ಇಳಿದು ಪಡಸಾಲೆಗೆ ಕಾಲಿಟ್ಟಾಗ ಎದೆ ತಂಪಾಯಿತು. ಬರೀ ಜೋಳದ ರೊಟ್ಟಿ, ನನ್ನದೇ ಭಾಷೆ, ಕೈಕಾಲು ಚಾಚುವಷ್ಟು ನೆಲ. ಇಲ್ಲೇ ಇದ್ದುಬಿಡೋಣ ಎಂದು ಬಂದ ಗಳಿಗೆಯಲ್ಲೇ ಅನಿಸಿತು. ಪ್ರಣವ ಮರಳಿ ಮಗ್ಗುಲಿಗೆ ಬಂದ ಮೇಲೆ ಅತ್ತೆಯ ಮಡಿಯೂ ಮರಳಿತ್ತು. ಹಬ್ಬದ ಬೆಳಿಗ್ಗೆ ಅವರು ಮಡಿಯುಟ್ಟು ದೇವರ ಕೋಣೆಯಲ್ಲಿದ್ದರು, ನೆಂಟರಿಷ್ಟರು ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದರು. ಭಾವನ ಮಗ ಕಾಲೇಜಿನವನು. ಅವನು ಪ್ರಣವನನ್ನು ಕರೆದುಕೊಂಡು ಮೂಲೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಪ್ರಣವ ಒಬ್ಬನೇ ಹೊರಬಂದ. ಮುಖ ಬಿಳಿಚಿತ್ತು. ಅಷ್ಟು ಜನರ ನಡುವೆ ಹಾದು ಹೋಗಿ ದೇವರ ಕೋಣೆಯ ಹೊಸ್ತಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: "ಅಜ್ಜೀ, ನಂಗೆ ಹೇಳೋದದ. ಅಣ್ಣ ಫೋನ್‌ನಾಗೆ ಅದೇ ತೋರಿಸ್ದ. ನಾನು ಎದ್ದು ಬಂದೆ."

ಅವಲಕ್ಕಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಭಾವನವರ ಮುಖ ಕೆಂಪಾಯಿತು. "ಹಬ್ಬದ ದಿನಾ ಎಂಥಾ ಮಾತಿದು? ಮುಂಬೈಗೆ ಹೋಗಿ ಹುಡುಗ ಪೂರಾ ಕೆಟ್ಟಾನ" ಎಂದರು. ಅಷ್ಟು ಕೋಣೆಗಳಿದ್ದ ಆ ಮನೆಯಲ್ಲಿ ನನ್ನ ಮಗನ ಮಾತಿಗೆ ಜಾಗವಿರಲಿಲ್ಲ. ಜಾಗವಿದ್ದದ್ದು ಏನನ್ನೂ ಮುಚ್ಚಿಡಲಾಗದ ಆ ಒಂದೇ ಕೋಣೆಯಲ್ಲಿ. ಆದರೆ ಆ ಮಾತನ್ನು ಅವನಿಗೆ ಕಲಿಸಿದ್ದು ಈ ಊರಿನ ಅಜ್ಜಿಯ ನಾಲಿಗೆಯೇ ಅಲ್ಲವೇ? ಯಾವುದನ್ನು ನನ್ನ ಮನೆ ಎನ್ನಲಿ ಎಂದು ತಿಳಿಯದೆ ನಿಂತೆ.

ಅತ್ತೆ ಆರತಿಯ ತಟ್ಟೆ ಕೆಳಗಿಟ್ಟು ಎದ್ದು ಬಂದರು. ಮಡಿಸೀರೆಯಲ್ಲೇ ಹೊಸ್ತಿಲ ಮೇಲೆ ಕೂತು, ಮೊಮ್ಮಗನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಯಾರೋ "ಮಡಿ, ಮಡಿ" ಎಂದರು. "ಬಾವ್ಯಾಗ ನೀರದ, ಮತ್ತ ಸ್ನಾನಾ ಮಾಡ್ತೀನಿ" ಎಂದರು ಅತ್ತೆ. ಆಮೇಲೆ ಭಾವನವರ ಕಡೆ ತಿರುಗಿ ಹೇಳಿದರು: "ನಿನ್ನ ಮಗನ್ನೂ ಕರಿ. ಹೆದರಸಬ್ಯಾಡ. ಅವನಿಗೂ ಯಾರೂ ಹೇಳಿಲ್ಲಲ್ಲಾ."

ಮೂಲೆಯ ಕೋಣೆಯಿಂದ ದೊಡ್ಡ ಹುಡುಗ ತಲೆ ತಗ್ಗಿಸಿ ಬಂದ. ಹೊಸ್ತಿಲು ಸಣ್ಣದು, ಇಬ್ಬರು ಕೂತರೇ ತುಂಬಿತ್ತು. ಅವನು ಕಂಬದ ಪಕ್ಕ ನಿಂತೇ ಇದ್ದ. ನಮ್ಮ ಮುಂಬೈಯ ಲೋಕಲ್ ರೈಲಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದರೆ ಯಾರೂ ಏನೂ ಕೇಳುವುದಿಲ್ಲ, ಒಂದಿಷ್ಟು ಸರಿಯುತ್ತಾರೆ. ಪ್ರಣವ ಅಜ್ಜಿಗೆ ಒತ್ತಿಕೊಂಡು ಸರಿದು, ತೆರವಾದ ಜಾಗ ತಟ್ಟಿ, "ಆಜಾ ಅಣ್ಣ, ಕೂಡು" ಎಂದ.